ಚುಕ್ಕಿಯಲ್ಲೇ ಚಿತ್ರ ಬರೆಯುವ ಈಗಿನ ಕಲಾವಿದರು ನಮ್ಮ ದೇಶದಲ್ಲಿ ಯಾರಿದ್ದಾರೆ?

ಮಂಡ್ಯದಿಂದ ಬರೆದಿದ್ದೀರಿ. ಮಗಳು ಪುಟದ ತುಂಬಾ ಚುಕ್ಕಿ ಇಟ್ಟು ಹಕ್ಕಿ, ಮರ ಬಿಡಿಸುತ್ತಾಳೆ. ಹುಡುಕಿದರೆ ಜಪಾನಿನ ಯಯೋಯಿ ಕುಸಾಮಾ ಒಬ್ಬರ ಹೆಸರೇ ಸಿಗುತ್ತೆ, ನಮ್ಮವರು ಯಾರೂ ಇಲ್ವಾ ಅಂತ ಕೇಳಿದ್ದೀರಿ. ಇದು ನಿಜವಾದ ಚಿತ್ರಕಲೆಯಾ, ಇಲ್ಲ ರಂಗೋಲಿ ತರಹ ಬರೀ ಅಲಂಕಾರವಾ ಅನ್ನೋದು ನಿಮ್ಮ ಇನ್ನೊಂದು ಅನುಮಾನ. ನಾನು ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುವವಳು. ಈ ಪ್ರಶ್ನೆಗೆ ಉತ್ತರ ಬರೆಯಲು ನನಗೆ ತುಂಬಾ ಇಷ್ಟ.

ನಮ್ಮವರು ಇದ್ದಾರೆ. ಭೂರಿ ಬಾಯಿ. ಊರು ಮಧ್ಯಪ್ರದೇಶದ ಝಾಬುವಾ ಜಿಲ್ಲೆಯ ಪಿಟೋಲ್, ಗುಜರಾತಿನ ಗಡಿಗೆ ಅಂಟಿಕೊಂಡ ಜಾಗ. ಭೀಲ್ ಅನ್ನುವ ಆದಿವಾಸಿ ಸಮುದಾಯದವರು. ಹುಡುಕುವಾಗ ಪಿಟೋಲ್ ಅಂತ ಸೇರಿಸಿಯೇ ಹುಡುಕಿ, ಏಕೆಂದರೆ ಅದೇ ಹೆಸರಿನ ಇನ್ನೊಬ್ಬ ಭೀಲ್ ಕಲಾವಿದೆಯೂ ಇದ್ದಾರೆ.

ಚಿಕ್ಕಂದಿನಲ್ಲೇ ಕೂಲಿಗೆ ಹೋದವರು ಇವರು. ಚಿತ್ರ ಬರೆಯುತ್ತಿದ್ದದ್ದು ಮನೆಯ ಮಣ್ಣಿನ ಗೋಡೆಯ ಮೇಲೆ. ಬಣ್ಣ ಕೊಳ್ಳುವ ಮಾತೇ ಇರಲಿಲ್ಲ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಬಿಳಿಮಣ್ಣು, ಕಪ್ಪಿಗೆ ರೊಟ್ಟಿ ಹೆಂಚಿನ ತಳದ ಮಸಿ, ಹಸಿರಿಗೆ ಎಲೆಯ ರಸ. ಮದುವೆಯಾದ ಮೇಲೆ ಗಂಡನ ಜೊತೆ ಭೋಪಾಲಿಗೆ ಬಂದರು, ಮತ್ತೆ ಕೂಲಿಗೇ. ಆಗ ಅಲ್ಲಿ ಭಾರತ ಭವನ ಕಟ್ಟುತ್ತಿದ್ದರು. ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ, 1982ರಲ್ಲಿ ಬಾಗಿಲು ತೆರೆದ ಕಲಾಕೇಂದ್ರ ಅದು. ಆ ಕಟ್ಟಡಕ್ಕೆ ಕಲ್ಲು ಮಣ್ಣು ಹೊತ್ತವರಲ್ಲಿ ಭೂರಿ ಬಾಯಿಯೂ ಒಬ್ಬರು. ದಿನಕ್ಕೆ 6 ರೂಪಾಯಿ ಕೂಲಿ.

ಅಲ್ಲಿನ ಕಲಾ ಸಂಗ್ರಹಾಲಯ ಕಟ್ಟುವ ಹೊಣೆ ಜೆ. ಸ್ವಾಮಿನಾಥನ್ ಅವರದು. ಅವರೇ ದೊಡ್ಡ ಚಿತ್ರಕಾರರು. ನಗರದ ಕಲಾವಿದರ ಕೆಲಸವೂ ಆದಿವಾಸಿ ಕಲಾವಿದರ ಕೆಲಸವೂ ಒಂದೇ ಸೂರಿನಡಿ, ಸಮಸಮವಾಗಿ ಇರಬೇಕು ಅನ್ನೋದು ಅವರ ಹಟ. ಕೆಲಸದ ಜಾಗದಲ್ಲಿದ್ದ ಭೀಲ್ ಹೆಂಗಸರನ್ನು ಕರೆದು, ನಿಮ್ಮ ಮನೆ ಗೋಡೆ ಮೇಲೆ ಏನು ಬರೀತೀರೋ ಅದನ್ನು ಇಲ್ಲಿ ಬರೀರಿ ಅಂತ ಕೇಳಿದರು. ಭೂರಿ ಬಾಯಿಗೆ ಹಿಂದಿ ಅಷ್ಟಾಗಿ ಬರುತ್ತಿರಲಿಲ್ಲ, ಅವರದು ಭೀಲಿ ಮಾತು. ನಾನು ಕೂತು ಚಿತ್ರ ಬರೆದರೆ ನನ್ನ ಕೂಲಿ ಕೆಲಸ ಯಾರು ಮಾಡ್ತಾರೆ ಅನ್ನೋದೇ ಅವರ ಮೊದಲ ಚಿಂತೆ. ಕೈಗೆ ಕಾಗದ ಬಂತು, ಬ್ರಷ್ ಬಂತು, ಡಬ್ಬಿಯಲ್ಲಿ ತಯಾರಾದ ಪೋಸ್ಟರ್ ಕಲರ್ ಬಂತು. ಅರೆದು ಸೋಸಿ ಮಾಡಬೇಕಿದ್ದ ಬಣ್ಣ ಅದ್ದಿದರೆ ಸಾಕು ಅಂದಾಗ ಆದ ಖುಷಿಯನ್ನು ಅವರು ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಭೀಲ್ ಹೆಂಗಸರಲ್ಲಿ ಗೋಡೆಯಿಂದ ಕಾಗದಕ್ಕೆ ಬಂದ ಮೊದಲಿಗರು ಅಂತಲೇ ಅವರನ್ನು ಗುರುತಿಸುತ್ತಾರೆ.

ಇಲ್ಲೊಂದು ವಿಷಯ ಗಮನಿಸಬೇಕು. ಆ ಕಡೆ ಪಿಥೋರಾ ಅನ್ನುವ ಚಿತ್ರ ಸಂಪ್ರದಾಯ ಇದೆ. ಹರಕೆ ಹೊತ್ತವರ ಮನೆ ಗೋಡೆಯ ಮೇಲೆ ದೇವರ ಕುದುರೆಗಳನ್ನು ಬರೆಯುತ್ತಾರೆ. ಬರೆಯುವವರು ಗಂಡಸರು. ಪೇಮಾ ಫತ್ಯಾ ಅದರ ದೊಡ್ಡ ಹೆಸರು. ಹೆಂಗಸರು ಆ ಕುದುರೆ ಬರೆಯುವ ಹಾಗಿಲ್ಲ. ಅಂದರೆ ಭೂರಿ ಬಾಯಿ ಕಾಗದದ ಮುಂದೆ ಕೂತಾಗ ತಮ್ಮ ಊರಿನ ಅತಿ ಮುಖ್ಯವಾದ ಚಿತ್ರವನ್ನೇ ಮುಟ್ಟುವಂತಿರಲಿಲ್ಲ. ಹಾಗಾಗಿ ಏನು ಬರೆಯಬೇಕು ಅನ್ನೋದನ್ನು ತಾವೇ ಹುಡುಕಿಕೊಂಡರು. ನವಿಲು, ಜಿಂಕೆ, ಮರ, ಗುಡಿಸಲು, ಹೋಳಿ ಹಬ್ಬಕ್ಕೆ ಮುಂಚೆ ಬರುವ ಭಗೋರಿಯಾ ಜಾತ್ರೆ. ಆಮೇಲೆ ಬಸ್ಸು, ವಿಮಾನ. ಹೌದು, ಮೈತುಂಬ ಚುಕ್ಕಿ ಹೊತ್ತ ವಿಮಾನ! ನನಗೆ ಅವರ ಕೆಲಸದಲ್ಲಿ ಬಹಳ ಪ್ರೀತಿ ಅದರ ಮೇಲೆಯೇ. ನೋಡಿದ್ದನ್ನೆಲ್ಲ ಅವರು ತಮ್ಮ ಚುಕ್ಕಿಯೊಳಗೆ ಕರೆದುಕೊಂಡರು.

ಈಗ ನಿಮ್ಮ ರಂಗೋಲಿ ಅನುಮಾನಕ್ಕೆ ಬರ್ತೀನಿ. ನಮ್ಮ ರಂಗೋಲಿಯಲ್ಲಿ ಚುಕ್ಕಿ ಮೊದಲು. 15 ಚುಕ್ಕಿ, 1ರವರೆಗೆ ಅಂತ ಲೆಕ್ಕ ಹಾಕಿ ಇಡ್ತೀವಿ, ಆಮೇಲೆ ಎಳೆ ಅದನ್ನು ಸುತ್ತುತ್ತೆ. ಎಳೆ ಸೇರಿದ ಮೇಲೆ ಚುಕ್ಕಿಯ ಕೆಲಸ ಮುಗಿಯಿತು. ಭೀಲ್ ಚಿತ್ರದಲ್ಲಿ ಇದು ಪೂರ್ತಿ ತಿರುಗುಮುರುಗು. ಮೊದಲು ಜಿಂಕೆಯ ಆಕಾರ, ಅದಕ್ಕೆ ಒಂದೇ ಬಣ್ಣ ತುಂಬುವುದು. ಅದು ಒಣಗಿದ ಮೇಲೆ ಚುಕ್ಕಿ ಶುರು. ಚುಕ್ಕಿಗಳು ಎಲ್ಲೆಂದರಲ್ಲಿ ಬೀಳುವುದಿಲ್ಲ. ಸಾಲುಗಟ್ಟಿ, ಬೆನ್ನು ಬಾಗಿದ ಕಡೆ ತಾವೂ ಬಾಗಿ, ಕತ್ತಿನ ಹತ್ತಿರ ಒತ್ತಾಗಿ, ಹೊಟ್ಟೆಯ ಮೇಲೆ ಬಿಡಿಯಾಗಿ ಹೋಗುತ್ತವೆ. ಗೆರೆ ಕೊಡದ ಉಬ್ಬು ತಗ್ಗನ್ನು ಚುಕ್ಕಿ ಕೊಡುತ್ತೆ. ಜಿಂಕೆ ಉಸಿರಾಡುತ್ತಿದೆ ಅನ್ನಿಸುವುದು ಆಗಲೇ. ಚುಕ್ಕಿ ಅಂದರೆ ಜೋಳದ ಕಾಳು ಅಂತಲೂ, ಪ್ರತಿ ಚುಕ್ಕಿಯೂ ಒಬ್ಬ ಹಿರಿಯರ ನೆನಪು ಅಂತಲೂ ಅರ್ಥ ಹೇಳುವವರಿದ್ದಾರೆ. ಮುಸುಕಿನ ಜೋಳ ಆ ಸೀಮೆಯ ಮುಖ್ಯ ಆಹಾರ, ಹಾಗಾಗಿ ಮೊದಲನೆಯದು ನನಗೆ ಹತ್ತಿರ ಅನ್ನಿಸುತ್ತೆ. ಆದರೆ ಅರ್ಥಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಬೇರೆ. ಒಬ್ಬೊಬ್ಬ ಭೀಲ್ ಕಲಾವಿದರ ಚುಕ್ಕಿ ಒಂದೊಂದು ತರಹ. ಲಾಡೋ ಬಾಯಿ ಅವರದನ್ನೂ ಭೂರಿ ಬಾಯಿ ಅವರದನ್ನೂ ಪಕ್ಕಪಕ್ಕ ಇಟ್ಟು ನಿಧಾನವಾಗಿ ನೋಡಿ. ಅಂತರ, ಸಾಲಿನ ಓಟ, ಬಣ್ಣ ಬದಲಾಗುವ ಜಾಗ, ಎಲ್ಲದರಲ್ಲೂ ಅವರವರ ಕೈ ಕಾಣುತ್ತೆ. ಸಹಿ ನೋಡದೆಯೂ ಯಾರ ಚಿತ್ರ ಅಂತ ಗುರುತು ಹಿಡಿಯಬಹುದು. ಅಲಂಕಾರ ಮಾತ್ರ ಆಗಿದ್ದರೆ ಇದು ಸಾಧ್ಯವಿತ್ತಾ?

ಈ ಕಾರಣಕ್ಕೇ ಅವರನ್ನು ಜಾನಪದ ಅನ್ನುವ ಒಂದೇ ಚೀಲಕ್ಕೆ ಹಾಕಿದಾಗ ನನಗೆ ಬೇಸರವಾಗುತ್ತೆ. ಇದೇ ಕಾಲದಲ್ಲಿ ಬದುಕಿ, ಇದೇ ಕಾಲದ ವಸ್ತುಗಳನ್ನು ಬರೆದು, ತಮ್ಮದೇ ರೀತಿ ಕಟ್ಟಿಕೊಂಡವರು ಸಮಕಾಲೀನ ಚಿತ್ರಕಾರರಲ್ಲದೆ ಮತ್ತೇನು? ಭೋಪಾಲಿನ ಬುಡಕಟ್ಟು ಸಂಗ್ರಹಾಲಯದಲ್ಲಿ ಸುಮಾರು 70 ಅಡಿ ಉದ್ದದ ಗೋಡೆಯ ಮೇಲೆ ಭೂರಿ ಬಾಯಿ ತಮ್ಮ ಬದುಕನ್ನೇ ಬರೆದಿದ್ದಾರೆ. ಊರು, ಕೂಲಿ, ಭಾರತ ಭವನ, ಸ್ವಾಮಿನಾಥನ್ ಎಲ್ಲ ಇದ್ದಾರೆ. ಅದರ ಮುಂದೆ ನಾನು ನಿಂತಿದ್ದೇನೆ. ಆತ್ಮಕಥೆಯನ್ನು ಒಬ್ಬ ಹೆಂಗಸು ಅಷ್ಟು ದೊಡ್ಡದಾಗಿ, ಅಷ್ಟು ಧೈರ್ಯವಾಗಿ ಬರೆದದ್ದನ್ನು ಬೇರೆಲ್ಲೂ ಕಂಡಿಲ್ಲ.

ಗೌರವಗಳೂ ಬಂದಿವೆ. 1986-87ರಲ್ಲಿ ಮಧ್ಯಪ್ರದೇಶ ಸರ್ಕಾರದ ಶಿಖರ್ ಸಮ್ಮಾನ್, 2021ರಲ್ಲಿ ಪದ್ಮಶ್ರೀ.

ಕುಸಾಮಾ ಅವರನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. 1929ರಲ್ಲಿ ಹುಟ್ಟಿದ ಅವರಿಗೆ ಚಿಕ್ಕಂದಿನಿಂದಲೇ ಕಣ್ಣ ಮುಂದೆ ಚುಕ್ಕಿಗಳು ಹಬ್ಬಿದಂತೆ ಕಾಣುತ್ತಿತ್ತು. ಆ ಭಯವನ್ನೇ ಅವರು ಚಿತ್ರ ಮಾಡಿಕೊಂಡರು. ಅವರ ಚುಕ್ಕಿ ವಸ್ತುವನ್ನು ನುಂಗಿ ಅಳಿಸುತ್ತೆ. ಭೂರಿ ಬಾಯಿಯ ಚುಕ್ಕಿ ಜಿಂಕೆಯನ್ನು ಇನ್ನಷ್ಟು ಜಿಂಕೆ ಮಾಡುತ್ತೆ. ಮಗಳಿಗೆ ಇಬ್ಬರನ್ನೂ ತೋರಿಸಿ. ಆಸ್ಟ್ರೇಲಿಯಾದ ಪಪುನ್ಯಾ ಊರಿನ ಮೂಲನಿವಾಸಿ ಹಿರಿಯರು 1971ರಿಂದ ಬರೆದ ಚುಕ್ಕಿ ಚಿತ್ರಗಳನ್ನೂ ತೋರಿಸಿ. ಅಲ್ಲಿ ಹೊರಗಿನವರು ನೋಡಬಾರದ ಪವಿತ್ರ ಗುರುತುಗಳನ್ನು ಮರೆಮಾಡಲೂ ಚುಕ್ಕಿ ಬಳಸಿದ್ದುಂಟು.

ಅವಳು ಕೈಯಿಂದ ಮಾಡಿ ನೋಡಲಿಕ್ಕೆ ದುಬಾರಿ ಸಾಮಾನು ಬೇಡ. ಪೋಸ್ಟರ್ ಕಲರ್, ದಪ್ಪ ಹಾಳೆ, ಉರಿದು ಉಳಿದ ಊದುಬತ್ತಿ ಕಡ್ಡಿ. ನಮ್ಮ ಕ್ಲಾಸಿನಲ್ಲಿ ಮಕ್ಕಳು ಇದರಲ್ಲೇ ಮಾಡುತ್ತಾರೆ. ಬಣ್ಣ ನೀರಾದರೆ ಚುಕ್ಕಿ ಹರಡುತ್ತೆ, ಗಟ್ಟಿಯಾದರೆ ಬಾಲ ಎಳೆಯುತ್ತೆ. ಕಡ್ಡಿಯನ್ನು ನೆಟ್ಟಗೆ ಇಳಿಸಿ, ನೆಟ್ಟಗೆ ಎತ್ತಬೇಕು. ನಾಲ್ಕೈದು ಚುಕ್ಕಿಗೊಮ್ಮೆ ಅದ್ದಬೇಕು, ಇಲ್ಲದಿದ್ದರೆ ಸಾಲಿನ ಕೊನೆಗೆ ಸಣ್ಣದಾಗುತ್ತಾ ಹೋಗುತ್ತೆ. ಭೂರಿ ಬಾಯಿಯ ನವಿಲನ್ನು ನಕಲು ಮಾಡಿಸಬೇಡಿ. ನಿಮ್ಮ ಮನೆ ಮುಂದಿನ ಕಬ್ಬಿನ ಗಾಡಿಯನ್ನೋ ಬೆಂಗಳೂರು ಬಸ್ಸನ್ನೋ ಬರೆಯಲಿ. ಚುಕ್ಕಿ ಯಾವ ಕಡೆ ಓಡಬೇಕು ಅಂತ ಅವಳೇ ಯೋಚಿಸಬೇಕಾಗುತ್ತೆ.

ಹತ್ತಿರದಲ್ಲಿ ನೋಡಲು ಮೈಸೂರಿಗೆ ಬನ್ನಿ. ಇರ್ವಿನ್ ರಸ್ತೆಯ ವೆಲಿಂಗ್ಟನ್ ಹೌಸ್‌ನಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣದ ಕೇಂದ್ರ ಇದೆ. ಅದರ ಮುಖ್ಯ ಕಚೇರಿ ಭೋಪಾಲಿನಲ್ಲೇ ಇರುವುದು. ಇಲ್ಲಿ ಆಗಾಗ ಆದಿವಾಸಿ ಕಲೆಯ ಪ್ರದರ್ಶನ, ಕಾರ್ಯಾಗಾರ ನಡೆಯುತ್ತವೆ, ಸದ್ಯಕ್ಕೆ ಏನಿದೆ ಅಂತ ವಿಚಾರಿಸಿಕೊಂಡು ಬನ್ನಿ. ಎಂದಾದರೂ ಭೋಪಾಲಿಗೆ ಹೋಗುವುದಾದರೆ ಶ್ಯಾಮಲಾ ಹಿಲ್ಸ್ ಕಡೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಭಾರತ ಭವನ, ಬುಡಕಟ್ಟು ಸಂಗ್ರಹಾಲಯ ಎರಡೂ ಅಲ್ಲೇ ಇವೆ. ಸೋಮವಾರ ಮಾತ್ರ ಹೋಗಬೇಡಿ, ಎರಡಕ್ಕೂ ರಜೆ.