ಮಳೆ ಕಡಿಮೆ ಇರುವ ನಗರದಲ್ಲಿ ಹಸಿರು ಬೆಳೆಸಿದರೆ ನೀರು ಇನ್ನೂ ಜಾಸ್ತಿ ಖರ್ಚಾಗುವುದಿಲ್ಲವೇ?

ಹುಲ್ಲುಹಾಸು ಹಾಕಿ ನಲ್ಲಿ ನೀರು ಬಿಟ್ಟರೆ ಖಂಡಿತ ಖರ್ಚಾಗುತ್ತದೆ. ಆದರೆ ಒಣ ಊರಲ್ಲೂ ಮಳೆ ಬಂದರೆ ಎಷ್ಟೋ ಸಲ ಜೋರಾಗಿಯೇ ಬರುತ್ತದೆ. ಆ ನೀರು ಡಾಂಬರು, ಕಾಂಕ್ರೀಟ್ ಮೇಲೆ ಹರಿದು ಸೀದಾ ಚರಂಡಿ ಸೇರುತ್ತದೆ. 100 ಚದರ ಮೀಟರ್ ಚಾವಣಿ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್ ನೀರು. ಸುಮ್ನೆ ಬಿಟ್ಟುಬಿಡುವಂಥದ್ದಲ್ಲ, ಅಲ್ವಾ?

ಅಮೆರಿಕದ ಟೂಸಾನ್ ನಗರವನ್ನೇ ನೋಡಿ. ಮರುಭೂಮಿಯ ಊರು, ವರ್ಷಕ್ಕೆ ಸುಮಾರು 280 ಮಿ.ಮೀ. ಮಳೆ. ಅಲ್ಲಿ ಎಷ್ಟೋ ಕಡೆ ರಸ್ತೆ ಅಂಚಿನ ಕಟ್ಟೆಯನ್ನು ಸ್ವಲ್ಪ ಕತ್ತರಿಸಿ, ಪಕ್ಕದಲ್ಲಿ ರಸ್ತೆಗಿಂತ ತಗ್ಗಾದ ಗುಂಡಿ ಮಾಡಿದ್ದಾರೆ. ಮಳೆ ನೀರು ಆ ಸಂದಿಯಿಂದ ಒಳಗೆ ನುಗ್ಗುತ್ತದೆ. ಮಣ್ಣು ಕೊಚ್ಚಿಹೋಗದಂತೆ ಬಾಯಲ್ಲಿ ಕಲ್ಲು, ತೇವ ಆರದಂತೆ ಮೇಲೆ ತರಗೆಲೆ, ಮರದ ಚೂರಿನ ಹೊದಿಕೆ. ನೀರು ಒಂದು ದಿನದೊಳಗೆ ಇಂಗಬೇಕು, ನಿಂತರೆ ಸೊಳ್ಳೆ ಕಾಟ. ಅಲ್ಲಿ ನೆಡುವುದು ಆ ನೆಲದ್ದೇ ಮರಗಳನ್ನು. ಬೇರು ಬಿಡುವ ತನಕ ಮೊದಲ ಒಂದೆರಡು ವರ್ಷ ನೀರುಣಿಸಬೇಕು. ಆಮೇಲೆ ಬಹುಪಾಲು ಮಳೆಯಲ್ಲೇ ಬದುಕುತ್ತವೆ, ರಸ್ತೆಗೆ ನೆರಳು ಕೊಡುತ್ತವೆ.

ನನ್ನ ಪ್ರಕಾರ ಮೊದಲು ತೆಗೆಯಬೇಕಾದ್ದು ಯಾರೂ ಕಾಲಿಡದ ಹುಲ್ಲು. ಲಾಸ್ ವೇಗಸ್ ಸುತ್ತಮುತ್ತ ಅಂಥ ಹುಲ್ಲಿಗೆ ಕೊಲೊರಾಡೋ ನದಿ ನೀರು ಹಾಯಿಸುವುದನ್ನು ನಿಲ್ಲಿಸಲು 2021ರಲ್ಲೇ ಕಾನೂನು ಬಂತು. ಮನೆ ಅಂಗಳಗಳಿಗೆ ಮಾತ್ರ ವಿನಾಯಿತಿ.

ಮಳೆಯಿಲ್ಲದ ತಿಂಗಳುಗಳಲ್ಲಿ ಉದ್ಯಾನಗಳಿಗೆ ಶುದ್ಧೀಕರಿಸಿದ ಕೊಳಚೆ ನೀರು ಸಾಕು. ಅದರಲ್ಲಿ ಉಪ್ಪಿನಂಶ ಜಾಸ್ತಿ ಇರಬಹುದು, ಹಾಗಾಗಿ ಉಪ್ಪು ತಡೆಯುವ ಗಿಡಗಳನ್ನೇ ಆರಿಸಿಕೊಳ್ಳಿ.