ವಿಟಿಯು ಪಿಎಚ್‌ಡಿ ಇದೆ, ಜರ್ಮನಿಯಲ್ಲಿ ಪ್ರೊಫೆಸರ್ ಆಗಬಹುದಾ?

ಬಾಗಲಕೋಟೆಯಲ್ಲಿ 9 ವರ್ಷ ಮೆಕ್ಯಾನಿಕಲ್ ಪಾಠ ಮಾಡೀನಿ, ವಿಟಿಯು ಪಿಎಚ್‌ಡಿ ಇದೆ, ಜರ್ಮನಿಗೆ ಈಗಷ್ಟೇ ಬಂದೀನಿ, ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಲಾ ಅಂತ ಕೇಳೀರಿ. ಈಗಲೇ ಹಾಕಬೇಡ್ರಿ ಸರ್.

ನಮ್ಮಲ್ಲಿ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ) ನಿಯಮದಂತೆ ಅಸೋಸಿಯೇಟ್ ಪ್ರೊಫೆಸರ್ ಆಗಲು ಪಿಎಚ್‌ಡಿ ಜೊತೆ 8 ವರ್ಷದ ಅನುಭವ ಬೇಕು. ಪಾಠ, ಸಂಶೋಧನೆ, ಕೈಗಾರಿಕೆ ಯಾವುದಾದರೂ ನಡೆಯುತ್ತದೆ. ಕಾರ್ಖಾನೆ ಮೆಟ್ಟಿಲು ಹತ್ತದೆಯೂ ಮೇಲೇರಬಹುದು. ಇಲ್ಲಿ ಜರ್ಮನಿಯ ಫಾಖ್‌ಹೋಖ್‌ಶೂಲೆಗಳಲ್ಲಿ (ಅನ್ವಯಿಕ ವಿಜ್ಞಾನದ ಕಾಲೇಜುಗಳು) ಪಿಎಚ್‌ಡಿ ಜೊತೆ 5 ವರ್ಷದ ವೃತ್ತಿ ಅನುಭವ ಕೇಳುತ್ತಾರೆ, ಅದರಲ್ಲಿ ಕನಿಷ್ಠ 3 ವರ್ಷ ಕಾಲೇಜಿನ ಹೊರಗಿನದು. ನಿಮ್ಮ 9 ವರ್ಷ ಆ ಮೂರನ್ನು ತುಂಬುವುದಿಲ್ಲ. ಅರ್ಜಿ ತಿರಸ್ಕಾರವಾಗುವುದು ಇಲ್ಲೇ.

ಈ ನಿಯಮ ನನಗೆ ಸರಿ ಎನಿಸುತ್ತದೆ. ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಲ್ಲಿ ಎರಕದೊಳಗೆ ಗಾಳಿಗುಳ್ಳೆ ಬಂದರೆ ಮರಳಿನ ತೇವ ಹೆಚ್ಚಾಯಿತೋ, ಅನಿಲ ಹೊರಹೋಗುವ ದಾರಿ ಕಟ್ಟಿತೋ ಎಂದು ಅಲ್ಲೇ ನಿಂತು ಹುಡುಕಿದವರು ಹೇಳುವ ಪಾಠವೇ ಬೇರೆ. ರಿಜೆಕ್ಟ್ ಆದ ಪೀಸ್‌ಗಳನ್ನು ಕಣ್ಣಾರೆ ಕಂಡವರು ಹುಡುಗರಿಗೆ ಬೇಕು. ಫಾಖ್‌ಹೋಖ್‌ಶೂಲೆಯಲ್ಲಿ ಪ್ರೊಫೆಸರ್‌ಗೆ ವಾರಕ್ಕೆ ಸಾಮಾನ್ಯವಾಗಿ 18 ಗಂಟೆ ಪಾಠ ಇರುತ್ತದೆ. ವಿಶ್ವವಿದ್ಯಾಲಯದಲ್ಲಿ ಅದರ ಅರ್ಧದಷ್ಟು, ಅಲ್ಲಿ ಪೇಪರ್ ಮತ್ತು ಅನುದಾನದ ತೂಕವೇ ಹೆಚ್ಚು.

ಮೊದಲು ಅನಾಬಿನ್ ಎಂಬ ಸರ್ಕಾರಿ ಪಟ್ಟಿಯಲ್ಲಿ ನಿಮ್ಮ ವಿಶ್ವವಿದ್ಯಾಲಯಕ್ಕೆ ಎಚ್ ಪ್ಲಸ್ (ಇಲ್ಲಿ ಮಾನ್ಯತೆ ಇದೆ ಎಂಬ ಗುರುತು) ಇದೆಯೇ ನೋಡಿರಿ. ಆಮೇಲೆ ಕಂಪನಿ ಕೆಲಸಕ್ಕೆ ಸೇರಿರಿ, ವಿನ್ಯಾಸ, ಪರೀಕ್ಷೆ ಅಥವಾ ಉತ್ಪಾದನೆಯ ಕಡೆ. ಬಿಡುವಾಗ ಪ್ರಮಾಣಪತ್ರದಲ್ಲಿ ಸೇರಿದ, ಬಿಟ್ಟ ದಿನಾಂಕ, ಪೂರ್ಣಾವಧಿಯೋ ಅಲ್ಲವೋ, ನೀವೇ ಹೊತ್ತ ಜವಾಬ್ದಾರಿ ಸ್ಪಷ್ಟವಾಗಿ ಬರಲಿ. ಅರೆಕಾಲಿಕವಾದರೆ ವರ್ಷಗಳು ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತವೆ. "ಅಲ್ಲಿ ಕೆಲಸ ಮಾಡಿದ್ದಾರೆ" ಎಂದಷ್ಟೇ ಬರೆದ ಪತ್ರ ಉಪಯೋಗಕ್ಕೆ ಬರುವುದಿಲ್ಲ. ರಾಜ್ಯ ರಾಜ್ಯಕ್ಕೆ ಕಾಯ್ದೆ ಬೇರೆ, ಜಾಹೀರಾತನ್ನು ಕೊನೆಯ ಸಾಲಿನವರೆಗೂ ಓದಿರಿ.

ಆ ಮೂರು ವರ್ಷ ಪಾಠದ ಕೈ ತಪ್ಪದಿರಲು ಲೇರ್‌ಔಫ್‌ಟ್ರಾಗ್ (ಕಾಲೇಜಿನಲ್ಲಿ ಅತಿಥಿ ಪಾಠದ ಕೆಲಸ) ತೆಗೆದುಕೊಳ್ಳಿರಿ: ಒಂದು ಸೆಮಿಸ್ಟರ್‌ಗೆ ಒಂದು ವಿಷಯ, ಗಂಟೆ ಲೆಕ್ಕದ ಸಂಬಳ. ದುಡ್ಡು ಕಡಿಮೆ, ಆದರೆ ಇಲ್ಲಿಯ ಹುಡುಗರಿಗೆ ಪಾಠ ಮಾಡಿದ ದಾಖಲೆ ಸಿಗುತ್ತದೆ. ಜರ್ಮನ್ ಮಾತ್ರ ಇವತ್ತೇ ಶುರುಮಾಡಿರಿ. ಆಯ್ಕೆ ಸಮಿತಿ ಮುಂದೆ ಮಾದರಿ ಪಾಠ ಮಾಡಬೇಕು, ವಿದ್ಯಾರ್ಥಿಗಳೂ ಕೂತಿರುತ್ತಾರೆ, ಪ್ರಶ್ನೆ ಬರುವುದು ಹೆಚ್ಚಾಗಿ ಜರ್ಮನ್‌ನಲ್ಲೇ.