ಓದುಗರ ಪ್ರಶ್ನೆ, ನಮ್ಮ ಉತ್ತರ: ಪೊಲೀಸರ ಮ್ಯಾಪಲ್ಲಿ ನಮ್ಮ ಊರು ಉಂಟಾ?

ಕಳ್ಳತನ, ಕಂಪ್ಲೇಂಟ್, ಪೊಲೀಸ್ ಸ್ಟೇಷನ್ ಅಂತ ಈ ಸಲ ತುಂಬ ಪತ್ರ ಬಂದಿದೆ. ಎಲ್ಲವೂ ಒಂದಕ್ಕೊಂದು ಸಂಬಂಧ ಇರುವಂಥದ್ದೇ, ಹಾಗಾಗಿ ಬೇರೆ ವಿಷಯ ಎಲ್ಲ ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ಒಟ್ಟಿಗೆ ತಗೊಂಡಿದ್ದೇನೆ.

ಪ್ರಶ್ನೆ: ನಮ್ಮ ಬೈಲಲ್ಲಿ ಈ ಸೀಸನಲ್ಲಿ ಹತ್ತಿರ ಹತ್ತಿರದ ಮೂರು ಮನೆಯ ಅಂಗಳದಿಂದ ಒಣಹಾಕಿದ ಅಡಿಕೆ ಹೋಯ್ತು. ಕೊಟ್ಟು ಎಂತ ಪ್ರಯೋಜನ ಅಂತ ಯಾರೂ ಕಂಪ್ಲೇಂಟ್ ಕೊಡ್ಲಿಲ್ಲ. ಬೆಂಗಳೂರಲ್ಲಿರುವ ಮಗ ಹೇಳ್ತಾನೆ, ಈಗ ಪೊಲೀಸರು ಕ್ರೈಂ ಅನಾಲಿಸಿಸ್ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕ್ತಾರೆ ಅಂತ. ಹಳ್ಳಿಗೆ ಅದೆಲ್ಲ ಆಗ್ತದಾ?
– ಅಡಿಕೆ ಕೃಷಿಕರು, ಪೆರ್ಲ

ಉತ್ತರ: ಖಂಡಿತ ಆಗ್ತದೆ. ಆದ್ರೆ ಯಾರೂ ಕಂಪ್ಲೇಂಟ್ ಕೊಡ್ಲಿಲ್ಲ ಅಂತ ಬರ್ದಿದ್ದೀರಲ್ಲ, ಎಲ್ಲ ಕೆಟ್ಟದ್ದು ಅಲ್ಲೇ. ಕ್ರೈಂ ಅನಾಲಿಸಿಸ್ ಅಂದ್ರೆ ದೊಡ್ಡ ಮಾಯಾಜಾಲ ಏನಲ್ಲ, ಯಾವ ಜಾಗ, ಯಾವ ದಿನ, ಎಷ್ಟು ಹೊತ್ತಿಗೆ, ಹೇಗೆ ಒಳಗೆ ಬಂದ್ರು, ಎಂತ ತಗೊಂಡು ಹೋದ್ರು ಅಂತ ಪ್ರತಿ ಕೇಸಿನದ್ದೂ ಬರ್ದು ಅದನ್ನೆಲ್ಲ ಅಕ್ಕಪಕ್ಕ ಇಟ್ಟು ನೋಡುದು, ಅಷ್ಟೇ. ಫ್ರಾನ್ಸಲ್ಲಿ ಗೆರ್ರಿ ಮತ್ತು ಬಾಲ್ಬಿ ಅಂತ ಇಬ್ಬರು 1829ರಲ್ಲೇ ಯಾವ ಪ್ರಾಂತ್ಯದಲ್ಲಿ ಯಾವ ಅಪರಾಧ ಜಾಸ್ತಿ ಅಂತ ಮ್ಯಾಪಲ್ಲಿ ಬಣ್ಣ ಹಾಕಿ ತೋರಿಸಿದ್ರು, ಆಗ ಕಂಪ್ಯೂಟರ್ ಎಲ್ಲಿತ್ತು ಹೇಳಿ. ಈಗ ಅದೇ ಕೆಲಸ ಬೇಗ ಆಗ್ತದೆ. ಆದ್ರೆ ನಿಮ್ಮ ಬೈಲಿನ ಮೂರು ಕಳ್ಳತನ ಯಾವ ಪುಸ್ತಕದಲ್ಲೂ ಇಲ್ಲದ ಕಾರಣ ಎಷ್ಟು ದೊಡ್ಡ ಕಂಪ್ಯೂಟರ್ ತಂದಿಟ್ರೂ ಅದಕ್ಕೆ ನಿಮ್ಮ ಬೈಲು ಒಂದು ತೊಂದರೆಯೂ ಇಲ್ಲದ ಶಾಂತ ಜಾಗ ಅಂತಲೇ ಕಾಣುದು, ರಾತ್ರಿ ಜೀಪು ಬೇರೆ ಕಡೆಗೇ ಹೋಗುದು.

ಈ ಲೆಕ್ಕಾಚಾರ ಯಾಕೆ ಬೇಕಾಯ್ತು ಅಂದ್ರೆ, ಮೊದಲೆಲ್ಲ ಜೀಪಲ್ಲಿ ಸುಮ್ಮನೆ ಸುತ್ತುತ್ತಾ ಇದ್ರೆ ಕಳ್ಳರು ಹೆದರ್ತಾರೆ ಅಂತ ಇತ್ತು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972-73ರಲ್ಲಿ ಅದನ್ನ ಪರೀಕ್ಷೆ ಮಾಡಿದ್ರು, ಕೆಲವು ಏರಿಯಾದಲ್ಲಿ ಸುಮ್ಮನೆ ಸುತ್ತುವ ಪೆಟ್ರೋಲಿಂಗ್ ಪೂರ್ತಿ ನಿಲ್ಲಿಸಿದ್ರು, ಕೆಲವದ್ರಲ್ಲಿ ಎರಡು ಮೂರು ಪಟ್ಟು ಮಾಡಿದ್ರು, ಕೆಲವದ್ರಲ್ಲಿ ಮೊದಲು ಇದ್ದ ಹಾಗೇ ಬಿಟ್ರು. ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲೇ ಇಲ್ಲ. ಆಮೇಲೆ ಅದೇ ದೇಶದ ಮಿನಿಯಾಪೊಲಿಸ್ ಊರಲ್ಲಿ ಅಪರಾಧದ ಬಗ್ಗೆ ಅಧ್ಯಯನ ಮಾಡುವ ಲಾರೆನ್ಸ್ ಶೆರ್ಮನ್ ಮತ್ತು ಜೊತೆಯವರು ಪೊಲೀಸರಿಗೆ ಬಂದ ಫೋನ್ ಕಾಲನ್ನೆಲ್ಲ ವಿಳಾಸದ ಪ್ರಕಾರ ಜೋಡಿಸಿ ನೋಡಿದಾಗ ಊರಿನ ನೂರಕ್ಕೆ 3ರಷ್ಟು ವಿಳಾಸದಿಂದಲೇ ಅರ್ಧ ಕಾಲ್ ಬಂದಿತ್ತು, 1989ರಲ್ಲಿ ಅದು ಪ್ರಿಂಟಾಯ್ತು. ಅಂದ್ರೆ ತೊಂದರೆ ಊರಿಡೀ ಇಲ್ಲ, ಕೆಲವು ಜಾಗದಲ್ಲಿ ಗುಂಪುಗುಂಪಾಗಿ ಉಂಟು. ಅದನ್ನೇ ಹಾಟ್‌ಸ್ಪಾಟ್ ಅನ್ನುದು. ಅಂಥ ಜಾಗದಲ್ಲಿ ರಾತ್ರಿಯಿಡೀ ಕಾವಲು ಕೂತುಕೊಳ್ಳಬೇಕಾಗಿಲ್ಲ, ಒಂದು ಹತ್ತು ಹದಿನೈದು ನಿಮಿಷ ನಿಂತು, ಮತ್ತೆ ಯಾವಾಗಾದ್ರೂ ಹೇಳದೆ ಬಂದು ನಿಂತ್ರೆ ಒಳ್ಳೆ ಫಲ ಉಂಟು ಅಂತ ಅದೇ ಊರಿನ ಮಾಹಿತಿ ಇಟ್ಟುಕೊಂಡು ಕ್ರಿಸ್ಟೋಫರ್ ಕೋಪರ್ 1995ರಲ್ಲಿ ತೋರಿಸಿದ್ರು. ಜನ ಕಮ್ಮಿ ಇರುವ ನಮ್ಮ ಸ್ಟೇಷನ್‌ಗಳಿಗೆ ಇದು ಎಷ್ಟು ದೊಡ್ಡ ಉಪಕಾರ ಯೋಚಿಸಿ ನೋಡಿ.

ನಿಮಗೆ ಮುಖ್ಯವಾಗಿ ಬೇಕಾದ್ದು ಇನ್ನೊಂದು ಉಂಟು. ಒಂದು ಮನೆಗೆ ಕಳ್ಳ ನುಗ್ಗಿದ್ರೆ ಮುಂದಿನ ಕೆಲವು ವಾರ ಅದೇ ಮನೆಗೂ ಅದರ ಪಕ್ಕದ ಮನೆಗಳಿಗೂ ಅಪಾಯ ಜಾಸ್ತಿ, ಇದು ಬೇರೆ ಬೇರೆ ದೇಶದಲ್ಲಿ ಮತ್ತೆ ಮತ್ತೆ ಕಂಡದ್ದು. ಕಳ್ಳನಿಗೆ ದಾರಿ ಗೊತ್ತಾಗಿದೆ, ನಾಯಿ ಎಲ್ಲಿ ಕಟ್ಟುತ್ತಾರೆ ಗೊತ್ತಾಗಿದೆ, ಗೋಣಿ ಎಲ್ಲಿ ಇಟ್ಟಿದ್ದಾರೆ ಗೊತ್ತಾಗಿದೆ. ಆ ಅಧ್ಯಯನಗಳು ಹೆಚ್ಚು ಪೇಟೆಯ ಮನೆಕಳ್ಳತನದ್ದು, ಆದ್ರೆ ಅಂಗಳದ ಅಡಿಕೆಗೆ ಇದು ಇನ್ನೂ ಚೆನ್ನಾಗಿ ಹೊಂದ್ತದೆ ಅಂತ ನನ್ನ ಬಲವಾದ ಅಭಿಪ್ರಾಯ, ಯಾಕಂದ್ರೆ ಚಾಲಿ, ಅಂದ್ರೆ ಸಿಪ್ಪೆ ಸಮೇತ ಬಿಸಿಲಿಗೆ ಹಾಕುವ ಹಣ್ಣಡಿಕೆ, ಒಣಗಲಿಕ್ಕೆ ಒಂದೂವರೆ ತಿಂಗಳು ಬೇಕು, ಅಷ್ಟು ದಿನವೂ ಮಾಲು ಆಕಾಶದ ಕೆಳಗೆ, ಅದೂ ಬೈಲಿನ ಎಲ್ಲರದ್ದೂ ಒಟ್ಟಿಗೇ. ಅದ್ರ ನಡುವೆ ಜಾತ್ರೆ, ಆಟ, ಕೋಲ ಅಂತ ಮನೆಯವರೆಲ್ಲ ಹೋಗುವ ರಾತ್ರಿಗಳು ಬೇರೆ, ಅದರ ನೋಟೀಸು ಪೇಟೆಯ ಗೋಡೆಯಲ್ಲೇ ಇರ್ತದೆ. ಕದಿಯುವ ಮನಸ್ಸಿನವ, ಕದಿಯಲಿಕ್ಕೆ ಸುಲಭದ ವಸ್ತು, ನೋಡಿಕೊಳ್ಳುವವರು ಇಲ್ಲದ ಹೊತ್ತು, ಈ ಮೂರು ಒಂದೇ ಕಡೆ ಸೇರಿದ್ರೆ ಅಪರಾಧ ಆಗ್ತದೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಕೊಹೆನ್ ಮತ್ತು ಫೆಲ್ಸನ್ 1979ರಲ್ಲಿ ಹೇಳಿದ್ದು. ಮೂರರಲ್ಲಿ ಒಂದನ್ನ ತಪ್ಪಿಸಿದ್ರೆ ಸಾಕು.

ಮೊದಲನೇ ಮನೆಯವರು ಮರುದಿನವೇ ಹೋಗಿ ಬರ್ಸಿದ್ದಿದ್ರೆ, ಬೀಟ್ ಪೊಲೀಸ್ ಅಕ್ಕಪಕ್ಕದ ನಾಲ್ಕು ಮನೆಗೆ ಬಂದು ಜಾಗ್ರತೆ ಹೇಳಿ ಹೋಗಿದ್ದಿದ್ರೆ, ಎರಡನೇ ಮೂರನೇ ಮನೆಯ ಅಡಿಕೆ ಉಳೀತಿತ್ತೋ ಏನೋ. ವರ್ಷದ ಬೆವರು ಅದು. ಈಗಲೂ ಹೊತ್ತು ಮೀರಿಲ್ಲ, ಮೂವರೂ ಒಟ್ಟಿಗೆ ಹೋಗಿ ಬೇರೆ ಬೇರೆ ಕಂಪ್ಲೇಂಟ್ ಕೊಡಿ. ಒಂದೇ ಕಾಗದದಲ್ಲಿ ಮೂವರ ಸಹಿ ಹಾಕಿ ಕೊಟ್ರೆ ಲೆಕ್ಕದಲ್ಲಿ ಅದು ಒಂದೇ ಆಗಿ ಹೋಗಬಹುದು.

ಪ್ರಶ್ನೆ: ನ್ಯೂಯಾರ್ಕಲ್ಲಿ ಕಂಪ್ಯೂಟರಿಂದಲೇ ಅಪರಾಧ ಇಳಿಸಿದ್ರು ಅಂತ ಒಂದು ಭಾಷಣದಲ್ಲಿ ಕೇಳಿದೆ. ನಿಜವಾ?
– ನಿವೃತ್ತ ಅಧ್ಯಾಪಕರು, ಉಪ್ಪಳ

ಉತ್ತರ: ಅರ್ಧ ನಿಜ ಸರ್. 1994ರಲ್ಲಿ ಅಲ್ಲಿಯ ಪೊಲೀಸ್ ಕಮಿಷನರ್ ವಿಲಿಯಂ ಬ್ರಾಟನ್ ಮತ್ತು ಅವರ ಜೊತೆಗಿದ್ದ ಜಾಕ್ ಮೇಪಲ್ ಕಾಂಪ್‌ಸ್ಟಾಟ್ ಅಂತ ಒಂದು ಕ್ರಮ ತಂದ್ರು. ಕಂಪ್ಯೂಟರಿಗಿಂತ ಅದ್ರಲ್ಲಿ ಮುಖ್ಯ ಮೀಟಿಂಗು. ಏರಿಯಾದ ಕ್ಯಾಪ್ಟನನ್ನ ಎದುರಿಗೆ ನಿಲ್ಲಿಸಿ, ಹಿಂದೆ ಮ್ಯಾಪ್ ಹಾಕಿ, ಈ ಮೂಲೆಯಲ್ಲಿ ಇಷ್ಟು ದರೋಡೆ ಆಯ್ತಲ್ಲ ನೀನು ಎಂತ ಮಾಡಿದಿ, ಕಳೆದ ಸಲ ಹೇಳಿದ್ದು ಮಾಡಿದಿಯಾ ಅಂತ ಬಿಡದೆ ಕೇಳುದು. ಹಳೇ ಲೆಕ್ಕದಲ್ಲಿ ಕೆಲಸ ಮಾಡುವ ಅಭ್ಯಾಸ ಹೋಯ್ತು, ಅದು ದೊಡ್ಡ ಲಾಭ. ಆದ್ರೆ ಅದೇ ಹತ್ತು ವರ್ಷದಲ್ಲಿ ಇಂಥ ಕ್ರಮ ಇಲ್ಲದ ಎಷ್ಟೋ ಅಮೆರಿಕದ ಊರುಗಳಲ್ಲೂ ಅಪರಾಧ ಇಳಿದಿದೆ, ಹಾಗಾಗಿ ಪೂರ್ತಿ ಹೆಸರು ಇದಕ್ಕೇ ಕೊಡ್ಲಿಕ್ಕೆ ಆಗುದಿಲ್ಲ.

ಇನ್ನೊಂದು ಭಾಗ ಭಾಷಣಗಳಲ್ಲಿ ಬರುದಿಲ್ಲ. ನಂಬರ್ ಇಳಿದ್ರೆ ಶಭಾಷ್, ಏರಿದ್ರೆ ಬೈಗುಳ ಅಂತ ಆದಾಗ ದೊಡ್ಡ ಕೇಸನ್ನ ಸಣ್ಣದಾಗಿ ಬರೆಯುವ ಆಸೆ ಹುಟ್ತದೆ, ಹಾಗೆ ಬರೆದದ್ದು ಉಂಟು ಅಂತ ಅಲ್ಲಿಯ ಇಲಾಖೆಯೇ ನೇಮಿಸಿದ ಸಮಿತಿ 2013ರ ವರದಿಯಲ್ಲಿ ಹೇಳಿದೆ. ಇದು ನಮಗೂ ಪಾಠ. ಒಂದು ಸ್ಟೇಷನಲ್ಲಿ ಕೇಸು ಜಾಸ್ತಿ ದಾಖಲಾದ್ರೆ ಅಲ್ಲಿಯ ಎಸ್‌ಐ ಕೆಟ್ಟವ ಅಂತ ತಿಳಿಯುವ ಮೇಲಧಿಕಾರಿಯೂ ತಪ್ಪು, ಹಾಗೆ ತಲೆಬರಹ ಹಾಕುವ ಪೇಪರಿನವರೂ ತಪ್ಪು. ಜನ ನಂಬಿ ಬಂದು ಬರ್ಸುವ ಸ್ಟೇಷನಲ್ಲಿ ನಂಬರ್ ಏರಲೇಬೇಕು.

ಪ್ರಶ್ನೆ: ತಲಪಾಡಿ ಆಚೆ ನಿಲ್ಲಿಸಿದ್ದ ಬೈಕ್ ಹೋಯ್ತು. ಆಚೆ ಹೋದ್ರೆ ನೀವು ಕೇರಳದವರು ಅಲ್ಲೇ ಕೊಡಿ ಅಂತಾರೆ, ಈಚೆ ಬಂದ್ರೆ ಘಟನೆ ಕರ್ನಾಟಕದ್ದು ಅಂತಾರೆ. ಅದೂ ಅಲ್ಲದೆ ನನಗೆ ಮಲಯಾಳ ಓದ್ಲಿಕ್ಕೆ ಬರುದಿಲ್ಲ. ಎಂತ ಮಾಡುದು?
– ಅಂಗಡಿಯವರು, ಮಂಜೇಶ್ವರ

ಉತ್ತರ: ಹಾಗೆ ವಾಪಸ್ ಕಳಿಸ್ಲಿಕ್ಕೆ ಇಲ್ಲ, ಇಬ್ಬರಿಗೂ ಇಲ್ಲ. 2024 ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಘಟನೆ ಎಲ್ಲೇ ಆಗಿರಲಿ, ಕಳ್ಳತನದಂಥ ಅಪರಾಧದ ಮಾಹಿತಿ ಯಾವ ಸ್ಟೇಷನಲ್ಲಿ ಬೇಕಾದ್ರೂ ಕೊಡಬಹುದು, ಇದನ್ನೇ ಜನ ಝೀರೋ ಎಫ್‌ಐಆರ್ ಅನ್ನುದು. ಬಾಯಲ್ಲೇ ಹೇಳಬಹುದು, ಅವರು ಬರ್ಕೊಂಡು ನಿಮಗೆ ಓದಿ ಹೇಳಬೇಕು, ಆಮೇಲೆ ನಿಮ್ಮ ಸಹಿ, ಎಫ್‌ಐಆರ್ ಕಾಪಿ ಫ್ರೀಯಾಗಿ ಕೊಡಬೇಕು. ಮೆಸೇಜ್ ಇಮೇಲಲ್ಲಿ ಕಳಿಸಿದ್ರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ತಗೊಳ್ಳುದಿಲ್ಲ ಅಂತಲೇ ಹೇಳಿದ್ರೆ ವಿಷಯವನ್ನ ಬರ್ದು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅದಕ್ಕೂ ಅದೇ ಸೆಕ್ಷನಲ್ಲಿ ಅವಕಾಶ ಉಂಟು. ತನಿಖೆ ಎಲ್ಲಿವರೆಗೆ ಬಂತು ಅಂತ 90 ದಿನದೊಳಗೆ ನಿಮಗೆ ತಿಳಿಸ್ಲಿಕ್ಕೂ ಉಂಟು, ಅದು 193ನೇ ಸೆಕ್ಷನ್.

ಭಾಷೆಯ ವಿಷಯ ನನ್ನ ಮನಸ್ಸಿಗೆ ತುಂಬ ಹತ್ತಿರದ್ದು. ಗಡಿನಾಡ ಕನ್ನಡಿಗರು ಎಷ್ಟೋ ಜನ ಸ್ಟೇಷನ್ ಮೆಟ್ಟಿಲು ಹತ್ತದೇ ಇರುದು ಹೆದರಿಕೆಯಿಂದ ಅಲ್ಲ, ಬರ್ದದ್ದು ಎಂತ ಅಂತ ಗೊತ್ತಾಗದೆ ಸಹಿ ಹಾಕ್ಲಿಕ್ಕೆ ಮನಸ್ಸು ಬಾರದೆ. ಕುಂದುಕೊರತೆಯ ಅರ್ಜಿಯನ್ನ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದ್ರೂ ಕೊಡಬಹುದು ಅಂತ ಸಂವಿಧಾನದ 350ನೇ ವಿಧಿ ಹೇಳ್ತದೆ, 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಲ್ಲೂ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದ ಜೊತೆ ವ್ಯವಹರಿಸುವ ಹಕ್ಕು ಉಂಟು. ಕನ್ನಡದಲ್ಲೇ ಬರ್ದು ಕೊಡಿ. ಅವರು ಮಲಯಾಳದಲ್ಲಿ ಬರ್ಕೊಂಡ್ರೆ ಅರ್ಥ ಆಗುವ ಹಾಗೆ ಓದಿ ಹೇಳಿ ಅಂತ ಕೇಳಿ, ಗೊತ್ತಾಗುವವರೆಗೆ ಸಹಿ ಬೇಡ.

ಅನಾಲಿಸಿಸಿಗೂ ಗಡಿ ಒಂದು ದೊಡ್ಡ ತೊಡಕು. ತಲಪಾಡಿ, ಸಾರಡ್ಕ, ಜಾಲ್ಸೂರು, ಎಲ್ಲ ಕಡೆಯೂ ರಸ್ತೆ ಒಂದೇ, ಕಳ್ಳ ಒಬ್ಬನೇ, ಮ್ಯಾಪ್ ಮಾತ್ರ ಎರಡು. ಈಚೆ ನಾಲ್ಕು ಬೈಕ್ ಆಚೆ ನಾಲ್ಕು ಬೈಕ್ ಹೋದ್ರೆ ಇಬ್ಬರಿಗೂ ಅದು ಬರೀ ನಾಲ್ಕು, ಒಟ್ಟು ಎಂಟು ಅಂತ ಯಾರ ಕಣ್ಣಿಗೂ ಬೀಳುದಿಲ್ಲ. ದೇಶದ ಸ್ಟೇಷನ್‌ಗಳನ್ನೆಲ್ಲ ಒಂದಕ್ಕೊಂದು ಜೋಡಿಸ್ಲಿಕ್ಕೆ ಅಂತಲೇ ಕೇಂದ್ರ ಸರಕಾರ 2009ರಲ್ಲಿ ಸಿಸಿಟಿಎನ್‌ಎಸ್ ಯೋಜನೆಗೆ ಒಪ್ಪಿಗೆ ಕೊಟ್ಟದ್ದು, ಹಾಗಾಗಿ ಆಚೆಯ ಕೇಸ್ ಈಚೆಯವರು ನೋಡ್ಲಿಕ್ಕೆ ದಾರಿ ಉಂಟು. ಆದ್ರೆ ಗಡಿಯ ಎರಡೂ ಕಡೆಯ ಸ್ಟೇಷನಿನವರು ತಿಂಗಳಿಗೊಮ್ಮೆ ಒಂದೇ ಮ್ಯಾಪಿನ ಎದುರು ಕೂತು ಮಾತಾಡುದನ್ನ ಕಡ್ಡಾಯ ಮಾಡಬೇಕು ಅಂತ ನಾನು ಗಟ್ಟಿಯಾಗಿ ಹೇಳ್ತೇನೆ, ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಡ, ಒಂದು ರೂಮು ಸಾಕು.

ಪ್ರಶ್ನೆ: ರಾತ್ರಿ ಫುಟ್‌ಬಾಲ್ ಮುಗಿಸಿ ಬರುವಾಗ ನಮ್ಮನ್ನೇ ಮತ್ತೆ ಮತ್ತೆ ನಿಲ್ಲಿಸಿ ಚೆಕ್ ಮಾಡ್ತಾರೆ. ಈ ಡೇಟಾ ಎಲ್ಲ ಬಂದ್ರೆ ನಮ್ಮ ಏರಿಯಾಗೆ ಶಾಶ್ವತ ಕೆಟ್ಟ ಹೆಸರು ಬರುದಿಲ್ವಾ?
– ಕಾಲೇಜ್ ವಿದ್ಯಾರ್ಥಿ, ಕುಂಬಳೆ

ಉತ್ತರ: ಬರಬಹುದು, ನಿನ್ನ ಹೆದರಿಕೆಗೆ ಆಧಾರ ಉಂಟು. ಮುಂದೆ ಎಲ್ಲಿ ಅಪರಾಧ ಆಗ್ತದೆ ಅಂತ ಸಾಫ್ಟ್‌ವೇರಿಂದ ಮೊದಲೇ ಹೇಳಿಸುವ ಕ್ರಮವನ್ನ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ 2011ರಲ್ಲಿ ಶುರು ಮಾಡಿತ್ತು, ಅದೇ ಊರು 2020ರಲ್ಲಿ ಅದನ್ನ ನಿಷೇಧಿಸಿತು. ತೊಂದರೆ ಎಲ್ಲಿ ಅಂದ್ರೆ, ಗಾಂಜಾ ಎಂಡಿಎಂಎ ಥರದ ಕೇಸು ಪೊಲೀಸರು ಹುಡುಕಿದ ಕಡೆಯೇ ಸಿಗುದು. ಒಂದು ಏರಿಯಾದಲ್ಲಿ ಜಾಸ್ತಿ ಹುಡುಕಿದ್ರೆ ಅಲ್ಲಿ ಜಾಸ್ತಿ ಸಿಗ್ತದೆ, ಜಾಸ್ತಿ ಸಿಕ್ಕಿತು ಅಂತ ಕಂಪ್ಯೂಟರ್ ಮತ್ತೆ ಅಲ್ಲಿಗೇ ಕಳಿಸ್ತದೆ, ಹುಡುಕದೇ ಇದ್ದ ಏರಿಯಾ ಲೆಕ್ಕದಲ್ಲಿ ಚೊಕ್ಕವಾಗಿಯೇ ಉಳೀತದೆ. ಮನೆಕಳ್ಳತನ, ಬೈಕ್ ಕಳ್ಳತನದ ಲೆಕ್ಕ ಹಾಗಲ್ಲ, ಅದು ಕಳಕೊಂಡವರು ಬಂದು ಹೇಳಿದ್ದು. ಈ ಎರಡು ಥರದ ಲೆಕ್ಕವನ್ನ ಒಂದೇ ಮ್ಯಾಪಲ್ಲಿ ಬೆರೆಸಲೇಬಾರದು.

ನನ್ನ ಪ್ರಕಾರ ಗುರುತು ಹಾಕಬೇಕಾದ್ದು ಜಾಗ ಮತ್ತು ಹೊತ್ತನ್ನ, ಮನುಷ್ಯನನ್ನ ಅಲ್ಲ, ಅವನ ಸಮುದಾಯವನ್ನಂತೂ ಅಲ್ಲವೇ ಅಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಮತ್ತೆ ಹಾಟ್‌ಸ್ಪಾಟ್ ಅಂದ ಕೂಡಲೇ ಹುಡುಗರನ್ನ ನಿಲ್ಲಿಸಿ ಜೇಬು ನೋಡುದೊಂದೇ ದಾರಿಯೂ ಅಲ್ಲ. ಅಮೆರಿಕದ ಪ್ರೊಫೆಸರ್ ಹರ್ಮನ್ ಗೋಲ್ಡ್‌ಸ್ಟೈನ್ 1979ರಲ್ಲಿ ಹೇಳಿದ್ದು ಇದನ್ನೇ, ಒಂದೊಂದು ಘಟನೆಯ ಹಿಂದೆ ಓಡುದು ಬಿಟ್ಟು ಅದ್ರ ಹಿಂದಿರುವ ಸಮಸ್ಯೆ ಎಂತ ಅಂತ ನೋಡಿ ಅಂತ. ಇಂಗ್ಲೆಂಡಿನ ರಾಚ್‌ಡೇಲ್ ಹತ್ತಿರ ಕರ್ಕ್‌ಹೋಲ್ಟ್ ಅಂತ ಒಂದು ವಸತಿ ಬಡಾವಣೆಯಲ್ಲಿ 1980ರ ದಶಕದಲ್ಲಿ ಮನೆಕಳ್ಳತನ ವಿಪರೀತ ಇತ್ತು. ನೋಡಿದ್ರೆ ಮನೆಯೊಳಗೇ ನಾಣ್ಯ ಹಾಕಿ ಓಡಿಸುವ ಕರೆಂಟ್ ಮೀಟರ್, ಅದ್ರಲ್ಲಿ ದುಡ್ಡು. ಆ ಮೀಟರ್ ತೆಗೆಸಿದ್ರು, ಒಮ್ಮೆ ಕಳ್ಳತನ ಆದ ಮನೆಯ ಬಾಗಿಲು ಕಿಟಕಿ ಭದ್ರ ಮಾಡಿದ್ರು, ಸುತ್ತಲಿನ ಐದಾರು ಮನೆಯವರನ್ನ ಕೇಳಿಕೊಂಡು ಆ ಮನೆ ಮೇಲೆ ಒಂದು ಕಣ್ಣಿಡಿಸಿದ್ರು. ಕಳ್ಳತನ ಬಹಳ ಇಳೀತು. ಕುಂಬಳೆಯಲ್ಲೂ ಎಷ್ಟೋ ಕಡೆ ಒಂದು ಬೀದಿದೀಪ ಸರಿ ಮಾಡಿದ್ರೆ, ಪೊದೆ ಕಡಿದ್ರೆ ಆಗುವ ಕೆಲಸ ಇರಬಹುದು, ಅದು ಪಂಚಾಯತಿನ ಕೆಲಸ. ನೀವು ಹುಡುಗರು ಪೊಲೀಸರೂ ಊರವರೂ ಒಟ್ಟಿಗೆ ಕೂರುವ ಜನಮೈತ್ರಿ ಸಮಿತಿಯ ಮೀಟಿಂಗಿಗೆ ಹೋಗಿ, ಫುಟ್‌ಬಾಲ್ ಮುಗಿಯುವ ಹೊತ್ತು ಇಂಥದ್ದು, ನಾವು ಇಂಥವರು ಅಂತ ಹೇಳಿ. ಗುರುತಾದ ಮುಖವನ್ನ ನಿಲ್ಲಿಸುದು ಕಮ್ಮಿ.

ಪ್ರಶ್ನೆ: ಅಪ್ಪನಿಗೆ ಡಿಜಿಟಲ್ ಅರೆಸ್ಟ್ ಅಂತ ವಿಡಿಯೋ ಕಾಲ್ ಬಂತು, ಸ್ವಲ್ಪ ಹಣ ಹೋಯ್ತು. ಸಣ್ಣ ಮೊತ್ತ, ಬಿಡುವ ಅಂತಾರೆ.
– ಬದಿಯಡ್ಕ

ಉತ್ತರ: ಬಿಡಬೇಡಿ. ಪೊಲೀಸ್ ಅಂತ ನಾಟಕ ಮಾಡಿ, ನಿಮ್ಮನ್ನ ಅರೆಸ್ಟ್ ಮಾಡಿದ್ದೇವೆ ಅಂತ ವಿಡಿಯೋ ಕಾಲಲ್ಲೇ ಹೆದರಿಸಿ ಹಣ ಕೀಳುದು ಅದು, ಡಿಜಿಟಲ್ ಅರೆಸ್ಟ್ ಅಂತ ಕಾನೂನಲ್ಲಿ ಇಲ್ಲವೇ ಇಲ್ಲ. ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಹಣ ಒಂದು ಅಕೌಂಟಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಯಲಿಕ್ಕೆ ಆಗುದು ಆಗ ಮಾತ್ರ. ತಡ ಆಗಿದ್ರೂ ದಾಖಲು ಮಾಡಿ, ಯಾಕಂದ್ರೆ ಇಂಥ ಕೇಸಲ್ಲಿ ಮ್ಯಾಪಿನ ಬದಲು ಅಕೌಂಟ್ ನಂಬರ್, ಫೋನ್ ನಂಬರ್ ಜೋಡಿಸಿ ನೋಡುದು, ನಿಮ್ಮ ಅಪ್ಪನ ಸಣ್ಣ ಮೊತ್ತ ಹೋದ ಅಕೌಂಟಿಗೇ ಬೇರೆ ರಾಜ್ಯದ ಯಾರದ್ದೋ ಲಕ್ಷ ಹೋಗಿರಬಹುದು. ಮತ್ತೆ ಅಪ್ಪನಿಗೆ ಬೈಯಬೇಡಿ ಮಾರಾಯ್ರೆ, ಓದಿದವರು ಎಷ್ಟೋ ಜನ ಸಿಕ್ಕಿ ಬಿದ್ದಿದ್ದಾರೆ.

ಪ್ರಶ್ನೆ: ಮಕ್ಕಳು ಗಲ್ಫಲ್ಲಿ, ನಾವಿಬ್ಬರು ಮಾತ್ರ ಮನೆಯಲ್ಲಿ. ಹತ್ತು ದಿನ ಮಂಗಳೂರಿಗೆ ಚಿಕಿತ್ಸೆಗೆ ಹೋಗ್ಲಿಕ್ಕುಂಟು, ಮನೆಗೆ ಬೀಗ. ಸ್ಟೇಷನಿಗೆ ಹೇಳಿದ್ರೆ ಆಗ್ತದಾ?
– ಹಿರಿಯ ದಂಪತಿ, ಮುಳ್ಳೇರಿಯ

ಉತ್ತರ: ಹೇಳಲೇಬೇಕು. ಕೇರಳ ಪೊಲೀಸಿನ ಪೋಲ್-ಆ್ಯಪಲ್ಲಿ ಬೀಗ ಹಾಕಿದ ಮನೆಯ ವಿವರ ಕೊಡುವ ವ್ಯವಸ್ಥೆ ಉಂಟು, 14 ದಿನದವರೆಗೆ ಆ ಮನೆ ಮೇಲೆ ನಿಗಾ ಇಡ್ತಾರೆ. ಫೋನಲ್ಲಿ ಅದೆಲ್ಲ ಮಾಡ್ಲಿಕ್ಕೆ ಕಷ್ಟ ಆದ್ರೆ ಪಕ್ಕದ ಮನೆಯ ಹುಡುಗರ ಹತ್ರ ಮಾಡಿಸಿ, ಇಲ್ಲ ನಿಮ್ಮ ಬೀಟ್ ಆಫೀಸರಿಗೆ ಹೇಳಿ, 2008ರಲ್ಲಿ ಶುರುವಾದ ಜನಮೈತ್ರಿ ಯೋಜನೆಯಲ್ಲಿ ಮನೆ ಮನೆಗೆ ಬಂದು ಪರಿಚಯ ಇಟ್ಟುಕೊಳ್ಳುದು ಅವರ ಕೆಲಸವೇ. ಹೋಗುವ ವಿಷಯ ವಾಟ್ಸಾಪ್ ಸ್ಟೇಟಸಲ್ಲಿ ಹಾಕುದು ಬೇಡ. ಪೇಪರ್ ಹಾಕುವ ಹುಡುಗನಿಗೆ, ಹಾಲಿನವರಿಗೆ ನಿಲ್ಲಿಸ್ಲಿಕ್ಕೆ ಹೇಳಿ, ಅಂಗಳದಲ್ಲಿ ಪೇಪರ್ ರಾಶಿ ಬಿದ್ದಿದ್ರೆ ಮನೆ ಖಾಲಿ ಅಂತ ದೂರಕ್ಕೇ ಗೊತ್ತಾಗ್ತದೆ. ಹಗಲೂ ಲೈಟ್ ಉರಿಸಿಟ್ಟು ಹೋಗಬೇಡಿ, ಪಕ್ಕದವರ ಹತ್ರ ಸಂಜೆ ಹಾಕಿ ಬೆಳಿಗ್ಗೆ ಆರಿಸ್ಲಿಕ್ಕೆ ಹೇಳಿ. ಚಿನ್ನ ಬ್ಯಾಂಕ್ ಲಾಕರಿಗೆ, ಅಡಿಕೆ ಗೋಣಿ ಇದ್ರೆ ಒಳಗೆ, ಪ್ರತಿ ಗೋಣಿಗೂ ನಿಮ್ಮದೇ ಒಂದು ಗುರುತು ಬಣ್ಣದಲ್ಲಿ ಹಾಕಿ ಫೋಟೋ ತೆಗೆದು ಮಕ್ಕಳಿಗೆ ಕಳಿಸಿಡಿ. ಅಕಸ್ಮಾತ್ ಏನಾದ್ರೂ ಆದ್ರೆ ಒಳಗೆ ಕಾಲಿಡದೆ, ಯಾವುದನ್ನೂ ಮುಟ್ಟದೆ 112ಕ್ಕೆ ಫೋನ್ ಮಾಡಿ, ಆ ಫೋಟೋ ಕಂಪ್ಲೇಂಟಿನ ಜೊತೆಗೇ ಕೊಡಿ.